ಜಗಲಿ ಮಾತು: ಹಾರುವ ಪಂಪ್ ಸ್ಟವ್

ಆರನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಬರೆದಿದ್ದಾಳೆ. ಅಕ್ಷರ ದುಂಡಗಿದೆ, ಪ್ರಶ್ನೆ ಚೂಪಾಗಿದೆ. "ಅಜ್ಜಾ, ವಿಮಾನಕ್ಕೂ ಸ್ಕೂಟರಿನ ಹಾಗೆ ಆಕ್ಸಿಲರೇಟರ್ ಇರುತ್ತಾ? ಅದನ್ನ ಒಂದೇ ಸಲ ಪೂರ್ತಿ ತಿರುಗಿಸಿಬಿಟ್ಟರೆ ಏನಾಗುತ್ತೆ?"

ಇರುತ್ತದೆ ಮಗಳೇ. ತಿರುಗಿಸುವುದಲ್ಲ, ಮುಂದಕ್ಕೆ ತಳ್ಳುವುದು. ಅದಕ್ಕೆ ಥ್ರಾಟಲ್ ಅನ್ನುತ್ತಾರೆ. ಈಗಿನ ವಿಮಾನದಲ್ಲಿ ಅದನ್ನು ಒಂದೇ ಸಲಕ್ಕೆ ತಳ್ಳಿದರೂ ಎಂಜಿನ್ ಕೆಡುವುದಿಲ್ಲ. ಆದರೆ ನಿನ್ನ ಮುತ್ತಜ್ಜ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 80 ವರ್ಷದ ಹಿಂದೆ, ಮೊದಮೊದಲ ಜೆಟ್ ವಿಮಾನಗಳಲ್ಲಿ ಹಾಗೆ ಮಾಡಿದರೆ ಎಂಜಿನ್ ಒಳಗಿನ ಬೆಂಕಿ ಆರಿಹೋಗುತ್ತಿತ್ತು, ಇಲ್ಲವೇ ಎಂಜಿನ್ನೇ ಸುಟ್ಟುಹೋಗುತ್ತಿತ್ತು. ಎರಡರಲ್ಲಿ ಯಾವುದಾದರೂ ಪೈಲಟ್ ಇರುವುದು ಆಕಾಶದಲ್ಲಿ!

ಇದು ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಮೊದಲು ಪಂಪ್ ಸ್ಟವ್ ಗೊತ್ತಿರಬೇಕು. ಮನೆಯಲ್ಲಿ ಅಜ್ಜಿ ಇದ್ದರೆ ಈ ಪುಟ ಹಿಡಿದುಕೊಂಡು ಹೋಗಿ ಅವರ ಪಕ್ಕ ಕೂತುಕೊಳ್ಳಿ. ಮುಂದಿನ ಎರಡು ಪ್ಯಾರಾವನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಗ್ಯಾಸ್ ಬರುವ ಮುಂಚೆ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಂಪ್ ಸ್ಟವ್ ಇರುತ್ತಿತ್ತು. ಕೆಳಗೆ ಸೀಮೆಎಣ್ಣೆಯ ಹೊಟ್ಟೆ, ಮೇಲೆ ಬರ್ನರ್, ಪಕ್ಕದಲ್ಲಿ ಕೈಯಲ್ಲಿ ಒತ್ತುವ ಪಂಪು. ಸೀದಾ ಕಡ್ಡಿ ಗೀರಿ ಹಚ್ಚುವ ಹಾಗಿರಲಿಲ್ಲ. ಬರ್ನರಿನ ಕೆಳಗಿನ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ ಹಾಕಿ ಉರಿಸಿ, ಬರ್ನರ್ ಚೆನ್ನಾಗಿ ಕಾಯುವ ತನಕ ಕಾಯಬೇಕು. ಆಮೇಲೆ ಸ್ಕ್ರೂ ಬಿಗಿ ಮಾಡಿ ಪಂಪ್ ಹೊಡೆಯಬೇಕು. ಆಗ ಸೀಮೆಎಣ್ಣೆ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ರಂಧ್ರದಿಂದ ನುಗ್ಗಿ ಬಂದು ನೀಲಿಯಾಗಿ ಉರಿಯುತ್ತಿತ್ತು. ಭರ್ರೋ ಅಂತ ಆ ಸದ್ದು ಬೀದಿಗೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಕಾಫಿಗೆ ನೀರಿಟ್ಟರು ಅಂತ ಪಕ್ಕದ ಮನೆಯವರಿಗೆ ಗೊತ್ತಾಗುತ್ತಿತ್ತು.

ಅವಸರ ಮಾಡಿದರೆ? ಬರ್ನರ್ ಕಾಯುವ ಮೊದಲೇ ಪಂಪ್ ಹೊಡೆದರೆ ಎಣ್ಣೆ ಆವಿಯಾಗದೆ ಎಣ್ಣೆಯಾಗಿಯೇ ಚಿಮ್ಮಿ, ಕೆಳಗಿನ ಬಟ್ಟಲಲ್ಲಿ ತುಂಬಿ, ಹಳದಿ ಉರಿ ಆಳೆತ್ತರಕ್ಕೆ ಏಳುತ್ತಿತ್ತು. ಆಗ ಪಂಪ್ ನಿಲ್ಲಿಸಿದರೂ ಪ್ರಯೋಜನವಿಲ್ಲ. ಬಟ್ಟಲಲ್ಲಿ ನಿಂತ ಎಣ್ಣೆ ಮುಗಿಯುವ ತನಕ ಉರಿ ನಿಲ್ಲದು. ಸ್ಟವ್ ಹಚ್ಚುವ ಹೊತ್ತಿನಲ್ಲಿ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಅಟ್ಟುತ್ತಿದ್ದುದು ಇದಕ್ಕೇ. ನಮ್ಮಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸದೆ ಸ್ಟವ್ ಮುಟ್ಟುತ್ತಲೇ ಇರಲಿಲ್ಲ.

ಈಗ ಜೆಟ್ ಎಂಜಿನ್ನಿಗೆ ಬರೋಣ. ಅದರ ಮುಖ್ಯ ಆಹಾರವೂ ಸೀಮೆಎಣ್ಣೆಯ ಜಾತಿಯದೇ. ಮುಂದಿನ ಬಾಯಿಯಿಂದ ಗಾಳಿ ಒಳಗೆ ಬರುತ್ತದೆ. ಕಂಪ್ರೆಸರ್ ಅನ್ನುವ ಚಕ್ರ ಅದನ್ನು ಒತ್ತಿ ಅಮುಕಿ ಹಿಂದಕ್ಕೆ ತಳ್ಳುತ್ತದೆ. ಅಲ್ಲಿ ಎಣ್ಣೆ ಸಿಂಪಡಿಸಿ ಉರಿಸುತ್ತಾರೆ. ಕಾದು ಹಿಗ್ಗಿದ ಗಾಳಿ ಹಿಂದಿನಿಂದ ನುಗ್ಗಿ ಹೊರಬೀಳುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ಹೊರಬೀಳುವ ದಾರಿಯಲ್ಲಿ ಆ ಬಿಸಿಗಾಳಿ ಟರ್ಬೈನ್ ಅನ್ನುವ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವೂ ಮುಂದಿನ ಕಂಪ್ರೆಸರೂ ಒಂದೇ ಅಚ್ಚಿಗೆ ಸೇರಿರುವುದರಿಂದ ಇದು ತಿರುಗಿದರೆ ಅದೂ ತಿರುಗುತ್ತದೆ.

ಇದರಲ್ಲೊಂದು ತಮಾಷೆ ಇದೆ, ನೋಡಿ. ಬೆಂಕಿ ಉರಿಯಲು ಗಾಳಿ ಬೇಕು, ಗಾಳಿ ಬರಲು ಚಕ್ರ ತಿರುಗಬೇಕು, ಚಕ್ರ ತಿರುಗಲು ಬೆಂಕಿ ಉರಿಯಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಕಥೆ! ಅದಕ್ಕೇ ಮೊದಲು ಹೊರಗಿನಿಂದ ಯಾರಾದರೂ ಚಕ್ರ ತಿರುಗಿಸಿಕೊಡಬೇಕು. ಸಾಕಷ್ಟು ವೇಗ ಬಂದ ಮೇಲೆ ಎಣ್ಣೆ ಬಿಟ್ಟು ಕಿಡಿ ಕೊಡಬೇಕು. ಬೆಂಕಿ ನೆಲೆ ನಿಂತ ಮೇಲೆ ಕೈ ಬಿಡಬೇಕು.

ಇದನ್ನು ಕಾಗದದ ಮೇಲೆ ಬರೆದು ಪೇಟೆಂಟ್ ಪಡೆಯಲು 1930ರಲ್ಲಿ ಅರ್ಜಿ ಹಾಕಿದವನು ಫ್ರಾಂಕ್ ವಿಟ್ಲ್ ಎಂಬ ಬ್ರಿಟಿಷ್ ವಾಯುಪಡೆಯ ಹುಡುಗ. ಆಗ ಅವನಿಗೆ 22 ವರ್ಷ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. 1935ರಲ್ಲಿ ಪೇಟೆಂಟನ್ನು ಮುಂದುವರಿಸಲು 5 ಪೌಂಡು ಕಟ್ಟಬೇಕಿತ್ತು. ಕಟ್ಟಲಿಲ್ಲ, ಪೇಟೆಂಟ್ ಹೋಯಿತು. ಆದರೂ ಛಲ ಬಿಡದೆ ಕೆಲವು ಗೆಳೆಯರ ಜೊತೆ ಸೇರಿ ಎಂಜಿನ್ ಕಟ್ಟಿಯೇಬಿಟ್ಟ.

1937ರ ಏಪ್ರಿಲ್ 12. ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಕಾರ್ಖಾನೆ. ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವ ದಿನ. ವಿಟ್ಲ್ ಎಣ್ಣೆಯ ಕವಾಟದ ಮುಂದೆ ನಿಂತಿದ್ದ. ವಿದ್ಯುತ್ ಮೋಟಾರು ಚಕ್ರ ತಿರುಗಿಸಿತು, ಎಣ್ಣೆ ಬಿಟ್ಟರು, ಬೆಂಕಿ ಹತ್ತಿತು. ವಿಟ್ಲ್ ಕವಾಟವನ್ನು ಸ್ವಲ್ಪ ತೆರೆದ. ಅಷ್ಟೇ! ಎಂಜಿನ್ ಕಿರಿಚಿಕೊಂಡು ಮೇಲೇರತೊಡಗಿತು. ಅವನು ತಕ್ಷಣ ಕವಾಟ ಮುಚ್ಚಿದ. ಎಂಜಿನ್ ಕೇಳಲಿಲ್ಲ. ಎಣ್ಣೆ ನಿಲ್ಲಿಸಿದರೂ ವೇಗ ಏರುತ್ತಲೇ ಹೋಯಿತು. ಲೋಹ ಅಲ್ಲಲ್ಲಿ ಕೆಂಪಗೆ ಕಾಯಿತು. ಸುತ್ತಲಿದ್ದವರೆಲ್ಲ ಎದ್ದೆನೋ ಬಿದ್ದೆನೋ ಅಂತ ಓಡಿದರು. ವಿಟ್ಲ್ ಮಾತ್ರ ಅಲ್ಲೇ ನಿಂತಿದ್ದ. ಧೈರ್ಯದಿಂದಲ್ಲ, ಭಯಕ್ಕೆ ಕಾಲೇ ಕಿತ್ತು ಬರಲಿಲ್ಲ ಅಂತ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ ತಾನಾಗಿ ಇಳಿಯಿತು.

ಏನಾಗಿತ್ತು? ಪಂಪ್ ಸ್ಟವ್ ಕಂಡ ಅಜ್ಜಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಚಾಲೂ ಮಾಡುವ ಮುಂಚೆ ಕೊಳವೆಯಲ್ಲಿ ಗಾಳಿ ಉಳಿಯದಿರಲಿ ಅಂತ ಎಣ್ಣೆ ಹರಿಸಿ ನೋಡಿದ್ದರು. ಆಗ ಒಂದಿಷ್ಟು ಎಣ್ಣೆ ಯಾರಿಗೂ ಕಾಣದಂತೆ ಸೋರಿ ಬೆಂಕಿಗೂಡಿನ ತಳದಲ್ಲಿ ನಿಂತಿತ್ತು. ಬೆಂಕಿ ಹತ್ತಿದ್ದೇ ತಡ ಆ ಎಣ್ಣೆಯೂ ಉರಿಯತೊಡಗಿತು. ಕವಾಟ ಮುಚ್ಚಿದರೆ ಹೊಸ ಎಣ್ಣೆ ನಿಲ್ಲುತ್ತದೆ, ನಿಂತ ಎಣ್ಣೆಗೆ ಕವಾಟವೆಲ್ಲಿ? ಅದು ಪೂರ್ತಿ ಉರಿದು ಮುಗಿದ ಮೇಲೇ ಎಂಜಿನ್ ನಿಂತಿತು. ಪರಿಹಾರ ತೀರಾ ಸರಳವಾಗಿತ್ತು: ಬೆಂಕಿಗೂಡಿನ ತಳಕ್ಕೆ ಒಂದು ಬಸಿಗೊಳವೆ. ಎಣ್ಣೆ ನಿಂತರೆ ಸೋರಿ ಹೊರಗೆ ಹೋಗಲಿ ಅಂತ.

ಬೆಂಕಿಯ ಕಾಟ ಅಷ್ಟಕ್ಕೇ ಮುಗಿಯಲಿಲ್ಲ. ಎಂಜಿನ್ ಒಳಗೆ ಹಾಯುವ ಗಾಳಿ ಮಾಮೂಲಿ ಗಾಳಿಯಲ್ಲ, ಬಿರುಗಾಳಿ. ಅದರಲ್ಲಿ ದೀಪ ಆರದಂತೆ ಕಾಯುವುದು ಆಷಾಢದ ಗಾಳಿಯಲ್ಲಿ ಹಣತೆ ಹಿಡಿದುಕೊಂಡು ಅಂಗಳ ದಾಟಿದ ಹಾಗೆ. ನಮ್ಮ ಹಿರಿಯರು ಅದಕ್ಕೆ ಲಾಂದ್ರ ಕಂಡುಕೊಂಡಿದ್ದರು: ಸುತ್ತ ಗಾಜು, ಗಾಳಿಯಾಡಲು ಅಲ್ಲಲ್ಲಿ ತೂತು. ಜೆಟ್ ಎಂಜಿನ್ನಿನ ಬೆಂಕಿಗೂಡೂ ಹಾಗೇ, ಮೈತುಂಬ ತೂತುಗಳಿರುವ ಲೋಹದ ಡಬ್ಬಿ. ಸ್ವಲ್ಪ ಗಾಳಿ ಉರಿಯ ಹತ್ತಿರ ಹೋಗುತ್ತದೆ, ಉಳಿದದ್ದು ಸುತ್ತ ಬಳಸಿ ಬರುತ್ತದೆ. ವಿಟ್ಲ್‌ನ ಮೊದಲಿನ ಎಂಜಿನ್‌ಗಳಲ್ಲಿ ಎಣ್ಣೆಯನ್ನು ಸ್ಟವ್ವಿನ ಹಾಗೆಯೇ ಕಾದ ಕೊಳವೆಯಲ್ಲಿ ಆವಿ ಮಾಡಿ ಉರಿಸುತ್ತಿದ್ದರು. ಕೊಳವೆಗಳು ಕರಕಲು ಕಟ್ಟುತ್ತಿದ್ದವು, ಸೊಟ್ಟಗಾಗುತ್ತಿದ್ದವು. 1940ರಲ್ಲಿ ಶೆಲ್ ಎಣ್ಣೆ ಕಂಪನಿಯ ಐಸಾಕ್ ಲಬಕ್ ಎಂಬಾತ ಬೇರೆ ದಾರಿ ತೋರಿಸಿದ. ಆವಿ ಮಾಡುವ ಗೋಜೇ ಬೇಡ, ಜೋರಾದ ಒತ್ತಡದಲ್ಲಿ ಎಣ್ಣೆಯನ್ನು ಮಂಜಿನಷ್ಟು ನುಣ್ಣಗೆ ಸಿಂಪಡಿಸಿ ಉರಿಸೋಣ ಅಂದ. ಅಲ್ಲಿಂದ ಕೆಲಸ ಹಳಿಗೆ ಬಂತು. 1941ರ ಮೇ 15ರ ಸಂಜೆ ಕ್ರಾನ್‌ವೆಲ್ ಎಂಬಲ್ಲಿ ಗೆರ್ರಿ ಸೇಯರ್ ಎಂಬ ಪೈಲಟ್ ವಿಟ್ಲ್‌ನ ಎಂಜಿನ್ ಕೂರಿಸಿದ ಪುಟ್ಟ ವಿಮಾನವನ್ನು 17 ನಿಮಿಷ ಹಾರಿಸಿದ.

ಅಷ್ಟರಲ್ಲಿ ಜರ್ಮನರು ಮುಂದೆ ಹೋಗಿದ್ದರು. ಅಲ್ಲಿನ ಹಾನ್ಸ್ ಫಾನ್ ಓಹೈನ್ ತುಂಬ ಜಾಣ. ಎಣ್ಣೆ ಉರಿಸುವ ತಲೆನೋವು ಮೊದಲೇ ಯಾಕೆ ಅಂತ ತನ್ನ ಮೊದಲ ಎಂಜಿನ್ನನ್ನು ಹೈಡ್ರೋಜನ್ ಅನಿಲದಲ್ಲಿ ಓಡಿಸಿ ತೋರಿಸಿದ. ಅದನ್ನು ನೋಡಿ ಯಜಮಾನರಿಗೆ ನಂಬಿಕೆ ಬಂದ ಮೇಲೆ ಎಣ್ಣೆಯ ಗೊಡವೆಗೆ ಹೋದ. ಅವನ ಎಂಜಿನ್ ಹೊತ್ತ ಹೈಂಕೆಲ್ 178 ವಿಮಾನ 1939ರ ಆಗಸ್ಟ್ 27ರಂದು ಹಾರಿತು. ಜಗತ್ತಿನ ಮೊದಲ ಜೆಟ್ ವಿಮಾನ ಅದೇ.

ಆದರೆ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಇನ್ನೊಂದು ಜರ್ಮನ್ ವಿಮಾನದಲ್ಲಿ, ಎರಡು ಎಂಜಿನ್ನಿನ ಮೆಸ್ಸರ್‌ಸ್ಮಿಟ್ 262ರಲ್ಲಿ. ಯುದ್ಧದಲ್ಲಿ ಕಾದಾಡಿದ ಮೊದಲ ಜೆಟ್‌ಗಳಲ್ಲಿ ಅದು ಒಂದು. ಅದರ ಯೂಮೊ 004 ಎಂಜಿನ್ ಚಾಲೂ ಮಾಡುವುದೇ ಒಂದು ಪೂಜಾವಿಧಾನ. ಎಂಜಿನ್ನಿನ ಮೂಗಿನೊಳಗೆ ಮೊಪೆಡ್ಡಿನ ಎಂಜಿನ್ನಿನಂಥ ಇನ್ನೊಂದು ಪುಟ್ಟ ಪೆಟ್ರೋಲ್ ಎಂಜಿನ್ ಕೂತಿರುತ್ತಿತ್ತು. ಮೊದಲು ಅದನ್ನು ಚಾಲೂ ಮಾಡಬೇಕು. ವಿದ್ಯುತ್ತಿನಿಂದ ಆಗದಿದ್ದರೆ ಮೂಗಿನ ತುದಿಯ ಬಳೆ ಹಿಡಿದು ಎಳೆಯಬೇಕು. ಕರೆಂಟ್ ಹೋದಾಗ ಅಂಗಡಿಯವರು ಜನರೇಟರಿನ ಹಗ್ಗ ಎಳೆಯುತ್ತಾರಲ್ಲ, ಥೇಟ್ ಹಾಗೆ! ಆ ಪುಟ್ಟದು ದೊಡ್ಡದನ್ನು ತಿರುಗಿಸುತ್ತದೆ. ನಿಮಿಷಕ್ಕೆ ಸುಮಾರು 800 ಸುತ್ತು ಬಂದಾಗ ಪೈಲಟ್ ಗುಂಡಿ ಒತ್ತಿ ಪೆಟ್ರೋಲ್ ಚಿಮುಕಿಸಿ ಕಿಡಿ ಕೊಡುತ್ತಾನೆ. ಬೆಂಕಿ ಹಿಡಿದು ವೇಗ ಏರಿದ ಮೇಲೆ ನಿಧಾನವಾಗಿ ಮುಖ್ಯ ಎಣ್ಣೆ ಬಿಡುತ್ತಾನೆ. ಆ ಎಣ್ಣೆ ಡೀಸೆಲ್ಲಿನಂಥದು, ಅಗ್ಗದ್ದು, ಸುಲಭಕ್ಕೆ ಹೊತ್ತಿಕೊಳ್ಳುವಂಥದಲ್ಲ. ಅಂತೂ ಒಂದು ಎಂಜಿನ್ನಿಗೆ ಮೂರು ಬಗೆಯ ಆಹಾರ: ಪುಟ್ಟ ಎಂಜಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲ್, ಬೆಂಕಿ ಹಚ್ಚಲು ಬರೀ ಪೆಟ್ರೋಲ್, ಉರಿಸಲು ಈ ಎಣ್ಣೆ. ಮೂರನ್ನೂ ಬೇರೆ ಬೇರೆ ಟ್ಯಾಂಕಿನಲ್ಲಿ ತುಂಬಬೇಕು, ಅದಲುಬದಲಾಗಬಾರದು.

ಹೀಗೆ ಚಾಲೂ ಆದ ಎಂಜಿನ್ 3,000 ಸುತ್ತಿನಲ್ಲಿ ಗುರುಗುಡುತ್ತಾ ನಿಲ್ಲುತ್ತದೆ. ಹಾರಲು 8,700 ಸುತ್ತು ಬೇಕು. ನಡುವೆ 6,000 ದಾಟುವವರೆಗೆ ಥ್ರಾಟಲನ್ನು ಮೊಸರು ತುಂಬಿದ ಗಡಿಗೆ ಸರಿಸಿದ ಹಾಗೆ ಸರಿಸಬೇಕಿತ್ತು. ಯಾಕೆ? ಥ್ರಾಟಲ್ ತಳ್ಳಿದರೆ ಎಣ್ಣೆ ತಕ್ಷಣ ಹೆಚ್ಚುತ್ತದೆ. ಆದರೆ ಗಾಳಿ ತಕ್ಷಣ ಹೆಚ್ಚುವುದಿಲ್ಲ. ಭಾರದ ಚಕ್ರಗಳು ವೇಗ ಪಡೆಯಲು ಹೊತ್ತು ಬೇಕು. ಎಣ್ಣೆ ಮುಂದೆ ಓಡಿ ಗಾಳಿ ಹಿಂದೆ ಉಳಿದರೆ, ಆ ನಡುವಿನ ಹೊತ್ತಿನಲ್ಲಿ ಒಳಗೆ ಉರಿ ಮಿತಿಮೀರುತ್ತದೆ, ಟರ್ಬೈನಿನ ಅಲಗುಗಳು ಕಾದು ಮೆತ್ತಗಾಗುತ್ತವೆ. ಕೆಲವೊಮ್ಮೆ ಎಣ್ಣೆ ಎಷ್ಟು ಹೆಚ್ಚಾಗುತ್ತದೆಂದರೆ ಬೆಂಕಿ ಮುಳುಗಿ ಆರಿಯೇ ಹೋಗುತ್ತದೆ. ಥ್ರಾಟಲನ್ನು ಗಬಕ್ಕನೆ ಹಿಂದೆ ಎಳೆದರೂ ಕಷ್ಟವೇ. ಚಕ್ರ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ರಭಸವಾಗಿರುತ್ತದೆ, ಎಣ್ಣೆ ಕಮ್ಮಿಯಾಗಿರುತ್ತದೆ. ಹಣತೆ ಊದಿದ ಹಾಗೆ ಆರುತ್ತದೆ. ನೋಡಿದಿರಾ, ಹೆಚ್ಚಾದರೂ ಆರುವುದು, ಕಮ್ಮಿಯಾದರೂ ಆರುವುದು!

ಜರ್ಮನರಿಗೆ ಇನ್ನೊಂದು ಕಷ್ಟವಿತ್ತು. ಬಿಸಿ ತಡೆಯುವ ಲೋಹಕ್ಕೆ ನಿಕಲ್, ಕೋಬಾಲ್ಟ್ ಬೇಕು. ಯುದ್ಧದಲ್ಲಿ ಅವು ಸಿಗುತ್ತಿರಲಿಲ್ಲ. ಮಾಮೂಲಿ ಉಕ್ಕಿಗೆ ಅಲ್ಯೂಮಿನಿಯಂ ಲೇಪ ಹಚ್ಚಿ ಬೆಂಕಿಗೂಡು ಮಾಡಿದರು. ಪರಿಣಾಮವಾಗಿ ಎಂಜಿನ್ನಿನ ಆಯಸ್ಸು 10ರಿಂದ 25 ಗಂಟೆ. ತಿಂಗಳಲ್ಲ, ದಿನವೂ ಅಲ್ಲ, ಗಂಟೆ! ಪೈಲಟ್‌ನ ಕೈ ಒರಟಾದರೆ ಅದಕ್ಕೂ ಕಮ್ಮಿ.

ಇಷ್ಟೆಲ್ಲ ಇದ್ದರೂ ಆ ವಿಮಾನ ಒಮ್ಮೆ ವೇಗ ಹಿಡಿದರೆ ಅದನ್ನು ಬೆನ್ನಟ್ಟಿ ಹಿಡಿಯುವ ವಿಮಾನವೇ ಶತ್ರುಗಳ ಹತ್ತಿರ ಇರಲಿಲ್ಲ. ಆದರೆ ಅಮೆರಿಕದ ಪೈಲಟ್‌ಗಳು ಬೇಗ ಒಂದು ಸಂಗತಿ ಗಮನಿಸಿದರು. ಇಳಿಯಲು ಬರುವಾಗ ಇದು ನಿಧಾನವಾಗುತ್ತದೆ, ಥ್ರಾಟಲ್ ಒಮ್ಮೆ ಇಳಿಸಿದ ಮೇಲೆ ತಟ್ಟನೆ ಮತ್ತೆ ಏರಿಸಲಾಗುವುದಿಲ್ಲ. ಹಾಗಾಗಿ ಜರ್ಮನ್ ವಿಮಾನನಿಲ್ದಾಣಗಳ ಮೇಲೆಯೇ ಕಾದು ಕೂರತೊಡಗಿದರು. ಮುಂದೆ ಶಬ್ದದ ವೇಗವನ್ನು ದಾಟಿ ಹೆಸರಾದ ಚಕ್ ಯೇಗರ್ 1944ರ ನವೆಂಬರಿನಲ್ಲಿ ಒಂದು 262ನ್ನು ಹೊಡೆದದ್ದು ಹೀಗೆಯೇ, ಅದು ಇಳಿಯಲು ಬರುತ್ತಿದ್ದಾಗ. ಅಷ್ಟು ವೇಗದ ಯುದ್ಧವಿಮಾನ ಸಿಕ್ಕಿಬಿದ್ದದ್ದು ನಿಧಾನಕ್ಕೆ ಏರುವ ಎಂಜಿನ್ನಿನಿಂದ.

ಎಣ್ಣೆಯ ಲೆಕ್ಕ ಬೇರೆ. 262ಕ್ಕೆ ಪೈಲಟ್‌ನ ಮುಂದೊಂದು, ಹಿಂದೊಂದು, ತಲಾ 900 ಲೀಟರಿನ ಟ್ಯಾಂಕು. ಅವಲ್ಲದೆ ಸಣ್ಣವೂ ಇದ್ದವು. ಅಷ್ಟು ತುಂಬಿಕೊಂಡರೂ ಸುಮಾರು ಒಂದು ಗಂಟೆಯ ಹಾರಾಟ, ಅಷ್ಟೇ. ಎತ್ತಿನ ಗಾಡಿ ಹೊಡೆದ ಅಜ್ಜಂದಿರಿಗೆ ಒಂದು ಮಾತು ಗೊತ್ತು: ಮೂಟೆ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ಬೀಳುತ್ತದೆ. ವಿಮಾನವೂ ಹಾಗೆಯೇ. ಗಾಡಿಯ ಮೂಟೆ ದಾರಿಯಲ್ಲಿ ಕರಗುವುದಿಲ್ಲ, ಆದರೆ ವಿಮಾನದ ಎಣ್ಣೆ ನಿಮಿಷ ನಿಮಿಷಕ್ಕೂ ಕರಗುತ್ತದೆ. ಮುಂದಿನದು ಖಾಲಿಯಾಗಿ ಹಿಂದಿನದು ತುಂಬಿದ್ದರೆ ವಿಮಾನದ ಮೂತಿ ಏಳುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ಯಾವ ಟ್ಯಾಂಕಿನಿಂದ ಎಷ್ಟು ಹೊತ್ತು ಕುಡಿಸಬೇಕು ಅನ್ನುವುದೂ ಪೈಲಟ್‌ನ ಪಾಠದಲ್ಲಿ ಸೇರಿತ್ತು.

ಎತ್ತರದ ಲೆಕ್ಕವಂತೂ ಹಳೆಯ ಪೈಲಟ್‌ಗಳಿಗೆ ತಲೆಕೆಳಗಾಗಿ ಕಂಡಿತು. ಮೇಲೆ ಹೋದಷ್ಟೂ ಗಾಳಿ ತೆಳು. ನೆಲದ ಹತ್ತಿರ ಕೊಡುವಷ್ಟೇ ಎಣ್ಣೆಯನ್ನು ಅಲ್ಲೂ ಕೊಟ್ಟರೆ ಎಂಜಿನ್ ಸುಡುತ್ತದೆ. ಏರುತ್ತಾ ಏರುತ್ತಾ ಎಣ್ಣೆ ತಗ್ಗಿಸುತ್ತಾ ಹೋಗಬೇಕು. ಈ ಕೆಲಸ ತಾನಾಗಿ ಆಗಲೆಂದು ಗಾಳಿಯ ಒತ್ತಡ ಅಳೆದು ಎಣ್ಣೆ ಕಡಿಮೆ ಮಾಡುವ ಸಾಧನ ಬಂತು. ಅದಿದ್ದರೂ ಸುತ್ತಿನ ಮುಳ್ಳು, ಬಿಸಿಯ ಮುಳ್ಳು ಎರಡರ ಮೇಲೂ ಪೈಲಟ್ ಒಂದು ಕಣ್ಣಿಟ್ಟಿರಬೇಕಿತ್ತು. ಇದರಿಂದ ಒಂದು ಲಾಭವೂ ಇತ್ತು. ಜೆಟ್ ವಿಮಾನ ಎತ್ತರದಲ್ಲಿ ಮಿತಾಹಾರಿ, ತಗ್ಗಿನಲ್ಲಿ ಬಕಾಸುರ. ಎಣ್ಣೆ ಉಳಿಸಲು ಕೆಳಗಿಳಿಯುವ ಯೋಚನೆ ಮಾಡಿದವನು ಊರು ಸೇರುವುದಿಲ್ಲ. 1948ರ ಜುಲೈನಲ್ಲಿ ಬ್ರಿಟನ್ನಿನ ಆರು ವ್ಯಾಂಪೈರ್ ಜೆಟ್‌ಗಳು ಅಟ್ಲಾಂಟಿಕ್ ಸಾಗರ ದಾಟಿದವು. ಜೆಟ್ ವಿಮಾನಗಳು ಅದನ್ನು ದಾಟಿದ್ದು ಅದೇ ಮೊದಲು. ಒಂದೇ ಹಾರಾಟದಲ್ಲಲ್ಲ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಅಂತ ನಿಂತು ನಿಂತು, ಎಣ್ಣೆ ಕುಡಿದು ಕುಡಿದು ಕೆನಡಾ ಸೇರಿದವು.

ಈಗ ಹೇಳುವ ಸಂಗತಿ ಸ್ವಲ್ಪ ಬೇಸರದ್ದು. ಸಣ್ಣ ಮಕ್ಕಳಿಗೆ ಬೇಡ ಅನ್ನಿಸಿದರೆ ಹಿರಿಯರು ದಾಟಿಸಿ ಓದಬಹುದು. ನನಗೇನೋ ಹೇಳಲೇಬೇಕು ಅನ್ನಿಸುತ್ತದೆ.

ಅಮೆರಿಕದ ಮೊದಲ ಒಳ್ಳೆಯ ಯುದ್ಧಜೆಟ್ ಲಾಕ್‌ಹೀಡ್ ಕಂಪನಿಯ ಪಿ-80. ಅದರ ಎಂಜಿನ್ನಿಗೆ ಎಣ್ಣೆ ಉಣಿಸುವ ಮುಖ್ಯ ಪಂಪು ಎಂಜಿನ್ನಿನಿಂದಲೇ ತಿರುಗುತ್ತಿತ್ತು. ಅದು ಕೆಟ್ಟರೆ ಬೆಂಕಿಗೆ ಎಣ್ಣೆ ಇಲ್ಲ. ವಿಮಾನ ಎತ್ತರದಲ್ಲಿದ್ದರೆ ತೇಲಿಕೊಂಡು ಬಂದು ಎಲ್ಲಾದರೂ ಇಳಿಯಬಹುದು. ನೆಲ ಬಿಟ್ಟು ಈಗಷ್ಟೇ ಎದ್ದಿದ್ದರೆ? ಹಾಗಾಗಿ ವಿದ್ಯುತ್ತಿನಿಂದ ಓಡುವ ಎರಡನೆಯ ಪಂಪೊಂದನ್ನು ಕೂರಿಸಿದರು. ಏರುವಾಗ ಮತ್ತು ಇಳಿಯುವಾಗ ಪೈಲಟ್ ಅದರ ಸ್ವಿಚ್ ಹಾಕಿಕೊಂಡಿರಬೇಕು. 1944ರ ಅಕ್ಟೋಬರ್ 20ರಂದು ಕಂಪನಿಯ ಹಿರಿಯ ಪರೀಕ್ಷಾ ಪೈಲಟ್ ಮೈಲೋ ಬರ್ಚಮ್ ಏರಿದ ಕೆಲವೇ ಕ್ಷಣದಲ್ಲಿ ಮುಖ್ಯ ಪಂಪು ಕೆಟ್ಟು ವಿಮಾನ ಬಿತ್ತು, ಅವರು ಉಳಿಯಲಿಲ್ಲ. ಹೊಸದಾಗಿ ಕೂರಿಸಿದ್ದ ಎರಡನೆಯ ಪಂಪಿನ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಮುಂದಿನ ವರ್ಷ ಅದೇ ವಿಮಾನವನ್ನು ಪರೀಕ್ಷಿಸಲು ಬಂದವನು ರಿಚರ್ಡ್ ಬಾಂಗ್. ವಿಸ್ಕಾನ್ಸಿನ್ ಪ್ರಾಂತದ ರೈತನ ಮಗ. ಯುದ್ಧದಲ್ಲಿ 40 ಶತ್ರುವಿಮಾನ ಉರುಳಿಸಿ ಅಮೆರಿಕದ ಎಲ್ಲ ಪೈಲಟ್‌ಗಳಿಗಿಂತ ಮುಂದಿದ್ದವನು. ಆಗಷ್ಟೇ ಮದುವೆಯಾಗಿತ್ತು, ವಯಸ್ಸು 24. ಇನ್ನು ಕಾಳಗ ಸಾಕು, ಸುರಕ್ಷಿತವಾಗಿ ಊರಲ್ಲಿರಲಿ ಅಂತ ಮೇಲಿನವರು ಅವನನ್ನು ವಾಪಸ್ ಕರೆಸಿಕೊಂಡಿದ್ದರು. 1945ರ ಆಗಸ್ಟ್ 6ರಂದು ಅವನು ಪಿ-80 ಏರಿಸಿದ. ಮುಖ್ಯ ಪಂಪು ಕೈಕೊಟ್ಟಿತು. ತನಿಖೆ ನಡೆಸಿದವರು ಎರಡನೆಯ ಪಂಪಿನ ಸ್ವಿಚ್ ಹಾಕಿರಲಿಲ್ಲ ಅಂದರು. ವಿಮಾನದಿಂದ ಹೊರಗೆ ಹಾರಿದ, ಆದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರವಿರಲಿಲ್ಲ. ಹಿರೋಶಿಮಾದ ಮೇಲೆ ಬಾಂಬ್ ಬಿದ್ದದ್ದೂ ಅದೇ ದಿನಾಂಕ. ಅಮೆರಿಕದ ಪತ್ರಿಕೆಗಳು ಎರಡೂ ಸುದ್ದಿಯನ್ನು ಮೊದಲ ಪುಟದಲ್ಲಿ ಹಾಕಿದವು.

ನಲವತ್ತು ಕಾಳಗ ಗೆದ್ದವನಿಗೆ ಒಂದು ಸ್ವಿಚ್ ನೆನಪಿರಲಿಲ್ಲವೇ ಅಂತ ಕೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಪ್ರೊಪೆಲರ್ ವಿಮಾನದಲ್ಲಿ ಸಾವಿರಾರು ಸಲ ಮಾಡಿದ್ದನ್ನು ಕೈ ತಾನಾಗಿ ಮಾಡುತ್ತದೆ. ಹೊಸ ವಿಮಾನದಲ್ಲಿ ಅವನು ಹಾರಿದ್ದು ಒಟ್ಟು ನಾಲ್ಕು ಗಂಟೆಯಷ್ಟು ಮಾತ್ರ. ನಾಲ್ಕು ಗಂಟೆಯಲ್ಲಿ ಕೈಗೆ ಏನು ರೂಢಿಯಾದೀತು? ಪ್ರಾಣ ಉಳಿಸುವ ಪಂಪು ಮನುಷ್ಯನ ನೆನಪನ್ನು ನೆಚ್ಚಿಕೊಂಡು ಕೂತಿತ್ತು ಅನ್ನುವುದೇ ನನ್ನ ತಕರಾರು. ಮುಂದಿನ ಹತ್ತು ಹದಿನೈದು ವರ್ಷ ಎಂಜಿನಿಯರುಗಳು ಹಟ ಹಿಡಿದು ಮಾಡಿದ್ದು ಇದನ್ನೇ. ಪೈಲಟ್ ನೆನಪಿಡಬೇಕಾದ್ದನ್ನು ಒಂದೊಂದಾಗಿ ಯಂತ್ರದ ಕೈಗೆ ಕೊಟ್ಟರು. ಥ್ರಾಟಲ್ ಎಷ್ಟೇ ಜೋರಾಗಿ ತಳ್ಳಿದರೂ ಚಕ್ರದ ವೇಗಕ್ಕೆ ತಕ್ಕಷ್ಟೇ ಎಣ್ಣೆ ಬಿಡುವ ಸಾಧನ ಬಂತು. ಆರಿದ ಬೆಂಕಿಯನ್ನು ಗಾಳಿಯಲ್ಲೇ ಮತ್ತೆ ಹೊತ್ತಿಸುವ ಕಿಡಿಯ ವ್ಯವಸ್ಥೆ ಬಂತು.

ನಮ್ಮ ದೇಶಕ್ಕೆ ಜೆಟ್ ಬಂದದ್ದು ಈ ನಡುಗಾಲದಲ್ಲಿ. 1948ರಲ್ಲಿ ವಾಯುಪಡೆಗೆ ವ್ಯಾಂಪೈರ್ ಬಂತು, ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಅದನ್ನು ಕಟ್ಟಿದರು. ಅದರ ಗಾಬ್ಲಿನ್ ಎಂಜಿನ್ನಿಗೆ ಸುತ್ತಲೂ ಹದಿನಾರು ಬೆಂಕಿಗೂಡು, ಹದಿನಾರು ಲಾಂದ್ರವನ್ನು ಬಳೆಯ ಹಾಗೆ ಜೋಡಿಸಿದಂತೆ. ಎಣ್ಣೆಗೆ ಎರಡು ಕಾಕ್: ಟ್ಯಾಂಕಿನ ಕಡೆಯದೊಂದು, ಎಂಜಿನ್ನಿನ ಕಡೆಯದೊಂದು. ನಮ್ಮ ಹೊಲದ ಕಾಲುವೆಗೆ ತೂಬು ಒಂದು, ಮಡಿಗೆ ಒಡ್ಡು ಒಂದು ಇರುವುದಿಲ್ಲವೇ, ಹಾಗೆ. ಚಾಲೂ ಮಾಡುವ ಪ್ರಯತ್ನ ತಪ್ಪಿತೋ, ಬೆಂಕಿ ಹಿಡಿಯಲಿಲ್ಲವೋ, ಕೂಡಲೇ ಎಂಜಿನ್ನಿನ ಕಡೆಯ ಕಾಕ್ ಮುಚ್ಚಿ, ಒಳಗೆ ನಿಂತ ಎಣ್ಣೆ ಬಸಿದು ಹೋಗುವ ತನಕ ಕಾಯಬೇಕು. ಅವಸರದಲ್ಲಿ ಮತ್ತೆ ಕಿಡಿ ಕೊಟ್ಟರೆ ಬಾಲದ ಕೊಳವೆಯಿಂದ ಬೆಂಕಿಯ ನಾಲಿಗೆ ಹೊರಗೆ ಬರುತ್ತಿತ್ತು. ವಿಟ್ಲ್‌ನ ರಗ್ಬಿಯ ಕಥೆಯೇ!

ಆಮೇಲೆ ಬೆಂಗಳೂರಿನಲ್ಲಿ ಆರ್ಫಿಯಸ್ ಎಂಬ ಎಂಜಿನ್ ತಯಾರಾಗತೊಡಗಿತು. ಪುಟಾಣಿ ನ್ಯಾಟ್ ವಿಮಾನಕ್ಕೆ ಒಂದು, ನಮ್ಮದೇ ಮಾರುತ್ ವಿಮಾನಕ್ಕೆ ಎರಡು. ಮಾರುತ್‌ನ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಯುದ್ಧಕಾಲದ ಜರ್ಮನಿಯಲ್ಲಿ ಹೆಸರಾಂತ ವಿಮಾನ ಕಟ್ಟಿದವರು, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿ ನಮ್ಮ ಎಂಜಿನಿಯರುಗಳ ಜೊತೆ ಕೆಲಸ ಮಾಡಿದರು. 1961ರ ಜೂನ್ 17ರಂದು ಮಾರುತ್ ಮೊದಲ ಸಲ ಬೆಂಗಳೂರಿನ ಆಕಾಶಕ್ಕೆ ಏರಿತು. ಏರಿಸಿದವರು ಸುರಂಜನ್ ದಾಸ್. ಮುಂದೆ 1970ರಲ್ಲಿ ಮಾರುತ್‌ನದೇ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು. ಬೆಂಗಳೂರಿನ ಮಕ್ಕಳು ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಆ ಹೆಸರು ಯಾರದೆಂದು ಪಕ್ಕದವರಿಗೂ ಹೇಳಬಹುದು.

ಹಾಗಾದರೆ ಮಗಳೇ, ಈಗ ಥ್ರಾಟಲ್ ಒಂದೇ ಸಲ ತಳ್ಳಿದರೆ ಏನಾಗುತ್ತದೆ? ಪೈಲಟ್ ಸನ್ನೆಗೋಲು ತಳ್ಳುತ್ತಾನೆ, ಅದು ಎಂಜಿನ್ನಿನ ಮೇಲೆ ಕೂತ ಕಂಪ್ಯೂಟರಿಗೆ "ಇಷ್ಟು ಬಲ ಬೇಕು" ಅಂತ ಹೇಳುತ್ತದೆ. ಚಕ್ರದ ವೇಗ ಎಷ್ಟಿದೆ, ಒಳಗಿನ ಬಿಸಿ ಎಷ್ಟು, ಹೊರಗಿನ ಗಾಳಿ ಎಷ್ಟು ತೆಳು ಅನ್ನುವುದನ್ನೆಲ್ಲ ಅದು ಕ್ಷಣ ಕ್ಷಣಕ್ಕೂ ಅಳೆದು ತಕ್ಕಷ್ಟೇ ಎಣ್ಣೆ ಬಿಡುತ್ತದೆ. ಅಂದರೆ ಮೊಸರಿನ ಗಡಿಗೆ ಸರಿಸುವ ಕೈ ಈಗ ಅದರದು.

ಬೆಂಗಳೂರಿಗೆ ಬಂದರೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯಕ್ಕೆ ಹೋಗಿ. ಅಂಗಳದಲ್ಲಿ ಮಾರುತ್ ನಿಂತಿದೆ, ಒಳಗೆ ಎಂಜಿನ್‌ಗಳನ್ನು ಇಟ್ಟಿದ್ದಾರೆ. ಎಲ್ಲರೂ ನೋಡುವುದು ಮುಂದಿನ ಚಕ್ರವನ್ನು. ನೀವು ಮಾತ್ರ ಬಗ್ಗಿ ಬೆಂಕಿಗೂಡಿನ ತಳ ನೋಡಿ. ನಿಂತ ಎಣ್ಣೆ ಹೊರಗೆ ಹರಿಯಲು ಇಟ್ಟ ಬೆರಳಿನಷ್ಟು ದಪ್ಪದ ಬಸಿಗೊಳವೆ ಕಂಡರೆ ಅಜ್ಜಿಯನ್ನು ಕರೆದು ತೋರಿಸಿ. ಅವರಿಗೆ ವಿವರಿಸುವ ಅಗತ್ಯ ಬೀಳುವುದಿಲ್ಲ.